ಪರದೆ ಎಳೆದವನು

ನಮ್ಮ ಪಕ್ಕದ ಮನೆಯವರು ಸರ್ಕಾರಿ ಸ್ವಾಮ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಇಂಜಿನಿಯರಾಗಿದ್ದು ನಿವೃತ್ತರಾದವರು. ಲೆಕ್ಕದ ಮನುಷ್ಯ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಕಿಲೋಮೀಟರ್ ಬರೆದಿಟ್ಟುಕೊಂಡು, ಕಾರು ಲೀಟರಿಗೆ ಎಷ್ಟು ಕೊಡುತ್ತಿದೆ ಎಂದು ತಿಂಗಳ ಕೊನೆಗೆ ನನಗೂ ವರದಿ ಒಪ್ಪಿಸುವವರು. ಅವರ ಪತ್ನಿ ಬನಶಂಕರಿ ಅಮ್ಮನ ಭಕ್ತೆ. ಕನಕಪುರ ರಸ್ತೆಯ ಆ ದೇವಸ್ಥಾನದ ವಿಶೇಷ ದಕ್ಷಿಣ ಬೆಂಗಳೂರಿನವರಿಗೆಲ್ಲ ಗೊತ್ತು. ಬೇರೆಡೆ ಅಶುಭವೆಂದು ಜನ ದೂರವಿಡುವ ರಾಹುಕಾಲದಲ್ಲೇ ಅಲ್ಲಿ ಪೂಜೆ ಜೋರು. ಹೆಂಗಸರು ನಿಂಬೆಹಣ್ಣನ್ನು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಹೊರಗು ಮಾಡಿ, ಅದರಲ್ಲಿ ಎಣ್ಣೆ ಬತ್ತಿ ಹಾಕಿ ದೀಪ ಹಚ್ಚುತ್ತಾರೆ. ಶುಕ್ರವಾರದ ರಾಹುಕಾಲ ಬೆಳಿಗ್ಗೆ 10.30ಕ್ಕೆ. ಒಂದು ಶುಕ್ರವಾರ ಇವರು ಒಂಬತ್ತೂವರೆಗೇ ಕಾರು ಹೊರಗೆ ತೆಗೆದಿದ್ದರು.

“ಇಷ್ಟು ಬೇಗ ಯಾಕೆ ಸಾರ್?” ಎಂದೆ.

“ರಾಹುಕಾಲ ಶುರುವಾದ ಮೇಲೆ ಮನೆ ಬಿಟ್ಟು ಹೊರಡಬಾರದಲ್ಲ ಸಾರ್” ಎಂದರು.

ಈ ಪ್ರಸಂಗವನ್ನು ನಾನು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕಡಿಮೆಯೆಂದರೂ ಹತ್ತು ಸಲ ಹೇಳಿ ನಗಿಸಿದ್ದೇನೆ. ರಾಹುಕಾಲದ ಪೂಜೆಗೆ ಹೋಗಲು ರಾಹುಕಾಲ ತಪ್ಪಿಸುವುದು! ಹೇಳಿದಾಗಲೆಲ್ಲ ನನಗೆ ನನ್ನ ಬಗ್ಗೆ ಒಂದು ಸಣ್ಣ ಹೆಮ್ಮೆ. ನಾನು ವಿಜ್ಞಾನದ ಮೇಷ್ಟ್ರು, ಭೌತಶಾಸ್ತ್ರ ಓದಿದವನು, ಇಂಥದ್ದೆಲ್ಲ ನನ್ನ ಹತ್ತಿರ ಸುಳಿಯುವುದಿಲ್ಲ ಎಂಬ ಹೆಮ್ಮೆ.

ಈಗ ಆ ಕತೆ ಹೇಳುವುದನ್ನು ಬಿಟ್ಟಿದ್ದೇನೆ. 2019ರ ಡಿಸೆಂಬರ್ 26ರಂದು, ಗುರುವಾರ, ಸೂರ್ಯಗ್ರಹಣದ ಹೊತ್ತಿನಲ್ಲಿ ಬಿ.ಟಿ.ಎಂ. ಲೇಔಟಿನ ನಮ್ಮ ಮನೆಯ ಕಿಟಕಿಗೆ ಪರದೆ ಎಳೆದವನು ನಾನು. ಒಳಗೆ ಬಸುರಿ ಮಗಳು ಕೂತಿದ್ದಳು.

ಇದು ಅರ್ಥವಾಗಬೇಕಾದರೆ ಇನ್ನೊಂದು ಗ್ರಹಣದ ವಿಷಯ ಹೇಳಬೇಕು.

1980ರ ಫೆಬ್ರವರಿ 16. ಆಗ ನಾವು ತಿಲಕನಗರದಲ್ಲಿದ್ದೆವು. ನಾನು ಜಯನಗರದ ನ್ಯಾಷನಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಅಂದು ಸಂಪೂರ್ಣ ಸೂರ್ಯಗ್ರಹಣ. ಅದರ ದಾರಿ ಉತ್ತರ ಕರ್ನಾಟಕದ ಮೇಲೆ ಹಾದುಹೋಗಿತ್ತು. ರಾಯಚೂರಿನ ಕಡೆ ವಿಜ್ಞಾನಿಗಳು ದೂರದರ್ಶಕ ಹೊತ್ತುಕೊಂಡು ಹೋಗಿ ಬೀಡುಬಿಟ್ಟಿದ್ದರು. ಬೆಂಗಳೂರಿನಲ್ಲಿ ಪಾರ್ಶ್ವಗ್ರಹಣ ಮಾತ್ರ, ಆದರೂ ಸೂರ್ಯನ ಹೆಚ್ಚಿನ ಭಾಗ ಮರೆಯಾಗುವುದಿತ್ತು. ಆ ಮಧ್ಯಾಹ್ನದ ಜಯನಗರ ನೋಡಿದವರಿಗೆ ನೆನಪಿರಬಹುದು. ಕರ್ಫ್ಯೂ ಹಾಕಿದಂತಿತ್ತು. ಅಂಗಡಿಗಳ ಬಾಗಿಲು ಮುಚ್ಚಿತ್ತು, ರಸ್ತೆಯಲ್ಲಿ ನಾಯಿ ಬಿಟ್ಟರೆ ಯಾರೂ ಇಲ್ಲ.

ನಮ್ಮ ಮನೆಯಲ್ಲೂ ಹಾಗೇ. ಅಬ್ಬಾ ಮಸೀದಿಗೆ ಗ್ರಹಣದ ನಮಾಝಿಗೆ ಹೋಗಿದ್ದರು. ಅಮ್ಮಿ ಮಾತ್ರ ಪಕ್ಕದ ಮನೆಯ ಅಜ್ಜಿ ಹೇಳಿದ್ದನ್ನೆಲ್ಲ ಚಾಚೂತಪ್ಪದೆ ಪಾಲಿಸುತ್ತಿದ್ದರು. ನನ್ನ ಅಕ್ಕ, ನಾವು ಕರೆಯುವುದು ಆಪಾ ಎಂದು, ಚೊಚ್ಚಲ ಹೆರಿಗೆಗೆ ರಾಮನಗರದ ಗಂಡನ ಮನೆಯಿಂದ ಬಂದಿದ್ದಳು. ಏಳನೇ ತಿಂಗಳು. ಅವಳನ್ನು ಒಳಕೋಣೆಯಲ್ಲಿ ಮಲಗಿಸಿ, ಅಲುಗಾಡಬೇಡ, ಕತ್ತರಿ ಮುಟ್ಟಬೇಡ, ಚಾಕು ಹಿಡಿಯಬೇಡ, ಹಿಡಿದರೆ ಮಗುವಿನ ತುಟಿ ಸೀಳುತ್ತದೆ ಎಂದು ಅಮ್ಮಿ ತಾಕೀತು ಮಾಡಿದ್ದರು.

ನನ್ನ ತಲೆಯಲ್ಲಿ ಆಗ ಬೇರೆಯದೇ ಗಾಳಿ. ನಮ್ಮ ಕಾಲೇಜಿನ ಸಂಸ್ಥೆಯ ಹಿಂದಿದ್ದ ಶಕ್ತಿ ಡಾ. ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸಲು ಸಮಿತಿ ಮಾಡಿ, ಸತ್ಯಸಾಯಿಬಾಬಾ ಅವರಿಗೇ ಪತ್ರ ಬರೆದು ದೇಶದಲ್ಲೆಲ್ಲ ಸುದ್ದಿಯಾಗಿದ್ದವರು. ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದು, ಖಾದಿ ಜುಬ್ಬ, ಗಾಂಧಿ ಟೋಪಿ ತೊಟ್ಟು ಬಸವನಗುಡಿಯ ಹಾಸ್ಟೆಲಿನ ಒಂದು ಕೋಣೆಯಲ್ಲಿ ಬದುಕಿದ ಮನುಷ್ಯ. ಅವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳಿಗೆ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬಾರದು ಎಂಬುದು ನಮಗೆಲ್ಲ ಮಂತ್ರದಂತಿತ್ತು. (ಮಂತ್ರವನ್ನು ಪ್ರಶ್ನೆ ಮಾಡದೆ ಒಪ್ಪಿದ್ದೆವು ಎಂಬುದು ಬೇರೆ ಮಾತು.)

ಅಮ್ಮಿ ಜಾನಮಾಝಿನ ಮೇಲೆ ಕೂತಿದ್ದ ಹೊತ್ತು ನೋಡಿ ನಾನು ಒಳಕೋಣೆಗೆ ಹೋದೆ. “ಆಪಾ, ಬಾ, ಒಂದು ಚಮತ್ಕಾರ ತೋರಿಸ್ತೀನಿ” ಎಂದು ಹಿತ್ತಲಿಗೆ ಕರೆದೆ. ನೋಟ್‌ಬುಕ್ಕಿನ ರಟ್ಟಿಗೆ ಸೂಜಿಯಿಂದ ತೂತು ಕೊರೆದಿಟ್ಟುಕೊಂಡಿದ್ದೆ. ಅದನ್ನು ಬಿಸಿಲಿಗೆ ಹಿಡಿದಾಗ ಕಾಂಪೌಂಡ್ ಗೋಡೆಯ ನೆರಳಿನ ಮೇಲೆ ಬಟಾಣಿ ಕಾಳಿನಷ್ಟು ಸೂರ್ಯ ಮೂಡಿದ. ದುಂಡಗಿರಲಿಲ್ಲ, ಈದ್ ಚಂದ್ರನ ಹಾಗೆ ಬಾಗಿತ್ತು. ಆಪಾ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಗೋಡೆ ಮುಟ್ಟಿದಳು. ಚಂದ್ರ ಅವಳ ಬೆರಳಿನ ಮೇಲೆ ಬಂತು. ಎರಡು ನಿಮಿಷ ಇರಬಹುದು. ಅಷ್ಟರಲ್ಲಿ ಅಮ್ಮಿ ಬಂದರು.

ಏಪ್ರಿಲಿನಲ್ಲಿ ಗಂಡು ಮಗು ಹುಟ್ಟಿತು. ಮೇಲ್ದುಟಿ ಸೀಳಿತ್ತು.

ಅಮ್ಮಿ ನನ್ನ ಕಡೆ ನೋಡಿದ ನೋಟವನ್ನು ನಾನು ವರ್ಣಿಸಲಾರೆ. ಅವರು ಬೈಯಲಿಲ್ಲ. ಬೈದವರು ಬೇರೆಯವರು: ಚಿಕ್ಕಮ್ಮಂದಿರು, ಬೀದಿಯವರು, ಬೀಗರು. “ಕಾಲೇಜು ಓದಿದ ಹುಡುಗ ಅಕ್ಕನ ಮಗುವನ್ನು ಹಾಳು ಮಾಡಿದ” ಎಂಬುದು ತಿಲಕನಗರದಿಂದ ರಾಮನಗರದವರೆಗೆ ಹಬ್ಬಿತು. ಮಗುವಿಗೆ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಅದಕ್ಕೆ ವೈದ್ಯರು ಹತ್ತರ ನಿಯಮ ಎಂದು ಒಂದು ಅಳತೆ ಇಟ್ಟುಕೊಂಡಿದ್ದಾರೆ: ಹತ್ತು ವಾರ ವಯಸ್ಸು, ಹತ್ತು ಪೌಂಡ್ ತೂಕ, ಹತ್ತು ಗ್ರಾಂ ಹಿಮೋಗ್ಲೋಬಿನ್. ನಮ್ಮ ಮಗುವಿಗೆ ಸರಿಯಾಗಿ ಹಾಲು ಹೀರಲಾಗದೆ ತೂಕ ಏರಲೇ ಇಲ್ಲ. ಆಪಾ ಹಾಲು ಹಿಂಡಿ ಚಮಚದಲ್ಲಿ ಕುಡಿಸುತ್ತಿದ್ದಳು. ಪ್ರತಿ ಚಮಚವೂ ನನಗೆ ಕಾಣುವ ಹಾಗೆಯೇ ಕುಡಿಸುತ್ತಿದ್ದಾಳೆ ಎಂದು ಅನಿಸುತ್ತಿತ್ತು.

ಆಗ ನಾನು ಮಾಡಿದ್ದೇನು? ಪುಸ್ತಕ ಹುಡುಕಿದೆ. ಭ್ರೂಣಶಾಸ್ತ್ರದ ಪುಸ್ತಕವೊಂದನ್ನು ಮೆಡಿಕಲ್ ಓದುತ್ತಿದ್ದ ಗೆಳೆಯನಿಂದ ತಂದು ಓದಿದೆ. ಅದರಲ್ಲಿ ನನ್ನ ಬಿಡುಗಡೆಯ ಪತ್ರವೇ ಇತ್ತು. ಮಗುವಿನ ಮುಖ ಬೇರೆಬೇರೆ ತುಣುಕುಗಳಾಗಿ ಬೆಳೆದು ಮಧ್ಯಕ್ಕೆ ಬಂದು ಕೂಡಿಕೊಳ್ಳುತ್ತದೆ. ಮೇಲ್ದುಟಿ ಕೂಡುವುದು ಎರಡನೇ ತಿಂಗಳಲ್ಲಿ, ಅಂಗುಳ ಮುಚ್ಚುವುದು ಮೂರನೇ ತಿಂಗಳ ಹೊತ್ತಿಗೆ. ಕೂಡದೆ ಉಳಿದರೆ ಸೀಳು. ಅಂದರೆ ಆಪಾ ಏಳನೇ ತಿಂಗಳಲ್ಲಿ ಹಿತ್ತಲಿಗೆ ಬರುವ ಹೊತ್ತಿಗೆ ಆ ತುಟಿ ಸೀಳಿಯೇ ಇತ್ತು. ಗ್ರಹಣವನ್ನು ಬಿಡಿ, ಆಕಾಶವೇ ಕಳಚಿ ಬಿದ್ದರೂ ಏಳನೇ ತಿಂಗಳಲ್ಲಿ ಕೂಡಿದ ತುಟಿ ಸೀಳುವುದಿಲ್ಲ. ನಾನು ನಿರಪರಾಧಿ!

ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ರಾಮನಗರಕ್ಕೆ ಹೋದೆ. ಆಪಾಳ ಮಾವನವರದು ರೇಷ್ಮೆ ನೂಲು ಬಿಚ್ಚುವ ಕಸುಬು. ಮನೆ ತುಂಬ ಬೇಯುತ್ತಿದ್ದ ಗೂಡಿನ ವಾಸನೆ. ಅಲ್ಲಿ ನಡುಮನೆಯಲ್ಲಿ ಕೂತು, ಚಿತ್ರ ತೆರೆದಿಟ್ಟು, ಅವಳ ಮಾವ, ಅತ್ತೆ, ಗಂಡ ಎಲ್ಲರಿಗೂ ಪಾಠ ಮಾಡಿದೆ. ನನ್ನ ಜೀವನದ ಮೊದಲ ಪಾಠ ಅದು. ಚೆನ್ನಾಗಿ ಮಾಡಿದೆ ಎಂದೇ ತಿಳಿದಿದ್ದೆ. ಅವರು ಮರುಮಾತಾಡಲಿಲ್ಲ. ಆಪಾ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಚಹಾ ಕೊಟ್ಟು ಕಳಿಸಿದರು. ಗೆದ್ದೆ ಎಂದುಕೊಂಡು ಬಂದೆ.

ಆದರೆ ಬೈಗುಳ ನಿಲ್ಲಲಿಲ್ಲ. ಮಗುವಿಗೆ ಆಪರೇಷನ್ ಆಗಿ, ತುಟಿ ಕೂಡಿ, ಅದು ಶಾಲೆಗೆ ಹೋಗುವಷ್ಟಾದ ಮೇಲೂ ಮದುವೆ ಮುಂಜಿಗಳಲ್ಲಿ ಯಾರೋ ಒಬ್ಬರು “ಇವನೇ ಅಲ್ವಾ ಗ್ರಹಣ ತೋರಿಸಿದ ಮಾಮೂ” ಎನ್ನುತ್ತಿದ್ದರು. ಆಪಾ ಎಂದೂ ಹಾಗೆ ಅನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಅಮ್ಮಿ 1998ರಲ್ಲಿ ತೀರಿಕೊಂಡರು. ಅವರಿಗೆ ಒಪ್ಪಿಸಲು ನನ್ನಿಂದ ಆಗಲಿಲ್ಲ.

ಹೀಗಾಗಿ ಗ್ರಹಣ ನನ್ನ ಖಾಸಗಿ ಮೊಕದ್ದಮೆಯಾಯಿತು. ನನ್ನ ಪರವಾಗಿ ಸಾಕ್ಷಿ ಹುಡುಕುತ್ತಲೇ ಬಂದೆ. ಸಿಕ್ಕಿದ್ದು ಬಹಳ. ಒಂದು ವಿಷಯ ನೋಡಿ: ಗ್ರಹಣದಿಂದ ತುಟಿ ಸೀಳುತ್ತದೆ ಎಂಬ ನಂಬಿಕೆ ಭೂಮಿಯ ಆಚೆ ಬದಿಯ ಮೆಕ್ಸಿಕೋದಲ್ಲೂ ಇದೆ. ಅಲ್ಲಿನ ಹಳೆಯ ಆಸ್ಟೆಕ್ ಜನ ಗ್ರಹಣವೆಂದರೆ ಚಂದ್ರನನ್ನು ಏನೋ ಕಚ್ಚುವುದು ಎಂದು ತಿಳಿದಿದ್ದರು. ಬಸುರಿ ಅದನ್ನು ನೋಡಿದರೆ ಮಗುವಿನ ಬಾಯಿಗೂ ಆ ಕಚ್ಚು ಬೀಳುತ್ತದಂತೆ. ಅದಕ್ಕೆ ಪರಿಹಾರ ಹೊಟ್ಟೆಯ ಬಳಿ ಹರಿತವಾದ ಕಲ್ಲಿನ ಚೂರಿ ಇಟ್ಟುಕೊಳ್ಳುವುದು. ಈಗಿನ ಕಾಲದ ಹೆಂಗಸರು ಚೂರಿಯ ಬದಲು ಒಳಬಟ್ಟೆಗೆ ಸೇಫ್ಟಿ ಪಿನ್ ಚುಚ್ಚಿಕೊಳ್ಳುತ್ತಾರೆ. ನಮ್ಮಲ್ಲಿ ಸೂಜಿ, ಚಾಕು ಮುಟ್ಟಿದರೆ ಕೇಡು, ಅಲ್ಲಿ ಇಟ್ಟುಕೊಳ್ಳದಿದ್ದರೆ ಕೇಡು. ಒಬ್ಬ ಬಸುರಿ ಬೆಂಗಳೂರಿನಿಂದ ಮೆಕ್ಸಿಕೋಗೆ ವಿಮಾನ ಹತ್ತಿದರೆ ಯಾವ ಊರಿನ ಮೇಲೆ ಪಿನ್ನು ಚುಚ್ಚಿಕೊಳ್ಳಬೇಕು? ಇದನ್ನು ತರಗತಿಯಲ್ಲಿ ಕೇಳಿ ಮಕ್ಕಳನ್ನು ನಗಿಸುತ್ತಿದ್ದೆ.

ನನಗೆ ಇನ್ನೂ ಹತ್ತಿರವಾದದ್ದು ಅಲ್ ಬಿರೂನಿ. ಸುಮಾರು ಸಾವಿರ ವರ್ಷದ ಹಿಂದೆ ಭಾರತದ ಬಗ್ಗೆ ದೊಡ್ಡ ಗ್ರಂಥ ಬರೆದ ವಿದ್ವಾಂಸ. ಸಂಸ್ಕೃತ ಕಲಿತು ಇಲ್ಲಿನ ಖಗೋಳಶಾಸ್ತ್ರ ಓದಿದವನು. ಗ್ರಹಣ ಆಗುವುದು ನೆರಳಿನಿಂದ ಎಂದು ಆರ್ಯಭಟ 499ರಲ್ಲೇ ಬರೆದಿದ್ದ. ಆದರೆ 628ರಲ್ಲಿ ಬರೆದ ಬ್ರಹ್ಮಗುಪ್ತ ಒಂದು ಕಡೆ ರಾಹುವಿನ ತಲೆಯೇ ಕಾರಣವೆಂದು ಶಾಸ್ತ್ರ ಹೇಳುವಾಗ ಅದನ್ನು ಅಲ್ಲಗಳೆಯುವವರನ್ನು ಖಂಡಿಸುತ್ತಾನೆ. ಅದೇ ಗ್ರಂಥದ ಇನ್ನೊಂದು ಕಡೆ ನೆರಳಿನ ಅಗಲವನ್ನು ಅಳೆದು ಗ್ರಹಣವನ್ನು ಲೆಕ್ಕ ಹಾಕುತ್ತಾನೆ. ಇದನ್ನು ಕಂಡ ಅಲ್ ಬಿರೂನಿಗೆ ಸಿಟ್ಟು ಬರುತ್ತದೆ. ಇಷ್ಟು ತಿಳಿದವನು ಹೀಗೇಕೆ ಬರೆದ ಎಂದು ಚಡಪಡಿಸುತ್ತಾನೆ. ಕೊನೆಗೆ, ಬಹುಶಃ ಸಾಕ್ರೆಟೀಸನಿಗೆ ಆದ ಗತಿ ತನಗೂ ಆದೀತೆಂದು ಹೆದರಿದ್ದನೋ ಏನೋ ಎಂಬ ಊಹೆಗೆ ಬರುತ್ತಾನೆ. ಅಲ್ ಬಿರೂನಿಯ ಸಿಟ್ಟು ನನಗೆ ಬೇಗ ಅರ್ಥವಾಗಿತ್ತು. ಅವನ ಕೊನೆಯ ಊಹೆಯಲ್ಲಿರುವ ಮರುಕ ಅರ್ಥವಾಗಲು ತಡವಾಯಿತು.

ನಮ್ಮ ಮನೆಯ ಪಂಚಾಂಗದ ಸಮಸ್ಯೆ ಇದಕ್ಕಿಂತ ಹಳೆಯದಲ್ಲ ಎನ್ನಬೇಡಿ. ಪಕ್ಕದ ಮನೆಯವರ ಪಂಚಾಂಗದಲ್ಲಿ ಗ್ರಹಣದ ಸ್ಪರ್ಶ, ಮೋಕ್ಷಗಳ ಹೊತ್ತು ನಿಮಿಷದ ಲೆಕ್ಕದಲ್ಲಿರುತ್ತದೆ, ಅದು ಶುದ್ಧ ಗಣಿತ. ಅದರ ಪಕ್ಕದ ಸಾಲಿನಲ್ಲೇ ಯಾವ ನಕ್ಷತ್ರದವರು ನೋಡಬಾರದು ಎಂಬ ಪಟ್ಟಿ. ನಮ್ಮವರೇನು ಕಡಿಮೆಯಿಲ್ಲ. ಮಸೀದಿಯ ಗೋಡೆಯ ಮೇಲಿನ ಡಿಜಿಟಲ್ ಗಡಿಯಾರ ಐದು ಹೊತ್ತಿನ ನಮಾಝಿನ ವೇಳೆಯನ್ನು ವರ್ಷಕ್ಕೆ ಮೊದಲೇ ಲೆಕ್ಕ ಹಾಕಿ ತೋರಿಸುತ್ತದೆ. ನಾವು ಆಕಾಶ ನೋಡದೆ ಅದನ್ನು ನಂಬುತ್ತೇವೆ. ಈದ್ ಚಂದ್ರನ ವಿಷಯಕ್ಕೆ ಬಂದರೆ ಕಣ್ಣಾರೆ ಕಂಡವರ ಸಾಕ್ಷಿಯೇ ಬೇಕು. ಕರಾವಳಿಯವರು ಕೇರಳದ ಚಂದ್ರನಿಗೆ ಈದ್ ಮಾಡಿದರೆ ಬೆಂಗಳೂರಿನವರು ಕೆಲವು ವರ್ಷ ಮರುದಿನ. ಮಂಗಳೂರಿನ ಗೆಳೆಯನ ಶುಭಾಶಯದ ಫೋನನ್ನು ಉಪವಾಸವಿದ್ದುಕೊಂಡೇ ಸ್ವೀಕರಿಸಿದ್ದೇನೆ. ಇದಕ್ಕೆ ಧರ್ಮಶಾಸ್ತ್ರದ ಕಾರಣಗಳಿವೆ, ಅದರ ಚರ್ಚೆ ತಿಳಿದವರು ಮಾಡಲಿ. ನಾನು ಹೇಳುತ್ತಿರುವುದು ಒಂದೇ ಆಕಾಶಕ್ಕೆ ನಾವು ಇಟ್ಟುಕೊಂಡಿರುವ ಎರಡು ಕನ್ನಡಕದ ಬಗ್ಗೆ ಮಾತ್ರ. ರಾಕೆಟ್ಟಿನ ಮಾದರಿ ಹಿಡಿದು ತಿರುಪತಿಗೆ ಹೋಗುವ ವಿಜ್ಞಾನಿಗಳ ಬಗ್ಗೆ ಎಲ್ಲರೂ ಬರೆದಾಗಿದೆ, ನಾನು ಬರೆಯುವುದಿಲ್ಲ.

ಆದರೆ ಗ್ರಹಣದ ವಿಷಯದಲ್ಲಿ ಮುಸ್ಲಿಮನಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಪ್ರವಾದಿ ಮುಹಮ್ಮದ್(ಸ)ರ ಮಗ ಇಬ್ರಾಹೀಮ್, ಇನ್ನೂ ಎರಡು ವರ್ಷ ತುಂಬದ ಕೂಸು, ತೀರಿಕೊಂಡ ದಿನವೇ ಮದೀನಾದಲ್ಲಿ ಸೂರ್ಯಗ್ರಹಣವಾಯಿತು. ಖಗೋಳ ಲೆಕ್ಕದವರು ಅದನ್ನು 632ರ ಜನವರಿ 27 ಎಂದು ಗುರುತಿಸುತ್ತಾರೆ. ಪ್ರವಾದಿಯ ಮಗನ ಸಾವಿಗೆ ಸೂರ್ಯನೂ ಕಂದಿದ ಎಂದು ಜನ ಮಾತಾಡಿಕೊಂಡರು. ಆ ಮಾತು ಹಾಗೇ ಹರಡಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಅವರು ಎದ್ದು ಬಂದು, ಸೂರ್ಯಚಂದ್ರರು ಅಲ್ಲಾಹನ ಕುರುಹುಗಳು, ಯಾರದೇ ಸಾವಿಗಾಗಿ ಹುಟ್ಟಿಗಾಗಿ ಅವರಿಗೆ ಗ್ರಹಣವಾಗುವುದಿಲ್ಲ ಎಂದು ತಿಳಿಸಿ ನಮಾಝ್ ಮಾಡಲು ಹೇಳಿದರು. ನಮ್ಮ ಅಬ್ಬಾಗೆ ಇದು ಗೊತ್ತಿತ್ತು. 1980ರಲ್ಲಿ ಅವರು ಮಸೀದಿಯಲ್ಲಿ ಆ ನಮಾಝಿನಲ್ಲೇ ನಿಂತಿದ್ದರು. ಅದೇ ಹೊತ್ತಿನಲ್ಲಿ ಅವರ ಮನೆಯಲ್ಲಿ ಚಾಕು ಕತ್ತರಿ ಬಚ್ಚಿಟ್ಟಿತ್ತು.

ಮಗನನ್ನು ಮಣ್ಣು ಮಾಡುವ ದಿನ ಆ ಮಾತು ಹೇಳಲು ಎಂಥ ಗಟ್ಟಿತನ ಬೇಕು ಎಂಬುದು ನನಗೆ ತಿಳಿದದ್ದು 2019ರಲ್ಲಿ.

ಆ ಸಲ ಕಂಕಣ ಗ್ರಹಣ. ಮಂಗಳೂರು, ಕೊಡಗಿನ ಕಡೆ ಪೂರ್ತಿ ಬಳೆ ಕಂಡಿತು. ಬೆಂಗಳೂರಿನಲ್ಲಿ ಬೆಳಿಗ್ಗೆ 8.06ಕ್ಕೆ ಶುರು, 9.29ಕ್ಕೆ ಅತಿ ಹೆಚ್ಚು, ಹತ್ತರಲ್ಲಿ ಒಂಬತ್ತು ಪಾಲು ಸೂರ್ಯ ಮುಚ್ಚಿಹೋಗುವಷ್ಟು. ಕಿರಿಸ್ಮಸ್ ರಜೆ. ಮಗಳು ರಜೆ ಹಾಕಿ ನಮ್ಮಲ್ಲಿಗೆ ಬಂದಿದ್ದಳು. ವಾರದ ಹಿಂದಷ್ಟೇ ಸಿಹಿ ಸುದ್ದಿ ಹೇಳಿದ್ದಳು. ಎರಡನೇ ತಿಂಗಳು.

ಎರಡನೇ ತಿಂಗಳು. ಬೇರೆ ಅಜ್ಜನಿಗೆ ಆ ಮಾತು ಏನೂ ಹೇಳುತ್ತಿರಲಿಲ್ಲ. ನನಗೆ ಗೊತ್ತಿತ್ತು, ಬಾಯಿಪಾಠವಾಗಿತ್ತು. ತುಟಿ ಕೂಡುತ್ತಿರುವುದು ಈಗಲೇ, ಈ ವಾರವೇ. ನಲವತ್ತು ವರ್ಷದ ಹಿಂದೆ ನನ್ನನ್ನು ಬಿಡುಗಡೆ ಮಾಡಿದ ಅದೇ ಪುಟ ಈಗ ನನ್ನ ಕುತ್ತಿಗೆ ಹಿಡಿದಿತ್ತು. ಅಮ್ಮಿಗೆ ಭಯ ಮಾತ್ರ ಇತ್ತು, ನನಗೆ ಭಯದ ವೇಳಾಪಟ್ಟಿಯೂ ಇತ್ತು. ಜೊತೆಗೆ ಸೀಳುತುಟಿ ರಕ್ತಸಂಬಂಧದಲ್ಲಿ ಸ್ವಲ್ಪ ಮಟ್ಟಿಗೆ ಬರಬಹುದೆಂಬುದೂ ಗೊತ್ತಿತ್ತು. ಸೋದರತ್ತೆಯ ಮಗನಷ್ಟು ದೂರದ ನಂಟಿಗೆ ಅದು ಬಹಳ ಕಡಿಮೆ, ಲೆಕ್ಕಕ್ಕೆ ಹಿಡಿಯುವಷ್ಟೂ ಅಲ್ಲ ಎಂಬುದೂ ಗೊತ್ತಿತ್ತು. ಎಲ್ಲ ಗೊತ್ತಿತ್ತು. ಹೆದರಿದ್ದು ರಕ್ತಕ್ಕೆ, ಅಡ್ಡ ಹಿಡಿದದ್ದು ಸೂರ್ಯನಿಗೆ.

ಎಂಟು ಗಂಟೆಗೆ ಅವಳ ಕೋಣೆಗೆ ಹೋಗಿ, “ಬಿಸಿಲು ಜೋರಾಗಿದೆ, ನಿನಗೆ ತಲೆಸುತ್ತು ಬಂದೀತು” ಎಂದು ಪರದೆ ಎಳೆದೆ. ಡಿಸೆಂಬರಿನ ಬೆಂಗಳೂರು! ಸ್ವೆಟರ್ ಹಾಕಿಕೊಂಡು ಕೂತಿದ್ದಳು. ನನ್ನ ಮುಖ ನೋಡಿದಳು, ಏನೂ ಅನ್ನದೆ ಮೊಬೈಲ್ ನೋಡತೊಡಗಿದಳು. ಹಣ್ಣು ಹೆಚ್ಚಿಕೊಳ್ಳಲು ಅವಳ ತಟ್ಟೆಯಲ್ಲಿದ್ದ ಚಾಕುವನ್ನು ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಒಯ್ದೆ. ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಒಂಬತ್ತೂಕಾಲಿನ ಹೊತ್ತಿಗೆ ಬಾಗಿಲು ಬಡಿದ ಸದ್ದು. ಆಪಾಳ ಮಗ. ಅವನೇ, ಆ ಮಗು. ಈಗ ಮೂವತ್ತೊಂಬತ್ತರ ಗಂಡಸು, ಗುರಪ್ಪನಪಾಳ್ಯದಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ದಟ್ಟ ಮೀಸೆ ಬಿಟ್ಟಿದ್ದಾನೆ, ಗೆರೆ ಕಾಣುವುದಿಲ್ಲ. ಗ್ರಹಣವೆಂದರೆ ಅವನಿಗೆ ಬಲು ಹುಚ್ಚು. ಬೀದಿಯ ಮಕ್ಕಳಿಗೆಲ್ಲ ಗ್ರಹಣದ ಕನ್ನಡಕ ತಂದಿದ್ದ. “ತಾರಸಿಗೆ ಬನ್ನಿ ಮಾಮೂ” ಎನ್ನುತ್ತಲೇ ಒಳಗೆ ಬಂದವನು, ಒಳಕೋಣೆಯ ಕತ್ತಲು ನೋಡಿ ನಿಂತ.

“ಯಾರಿಗೆ ಹುಷಾರಿಲ್ಲ?”

“ಅವಳಿಗೆ ಸ್ವಲ್ಪ ತಲೆಸುತ್ತು” ಎಂದೆ.

“ಯಾರಿಗೆ? ನನಗಾ?” ಒಳಗಿಂದ ಮಗಳ ದನಿ.

ಅವನು ಪರದೆ ನೋಡಿದ. ಅವಳನ್ನು ನೋಡಿದ. ಮೀಸೆಯ ಮೇಲೆ ಬೆರಳಾಡಿಸಿದ. ಅವನಿಗೆ ಅರ್ಥವಾಯಿತು ಎಂದು ನನಗೆ ಅರ್ಥವಾಯಿತು. ಹುಟ್ಟಿದಾಗ ಅವನ ಮುಖ ಹೇಗಿತ್ತೋ ಅದಕ್ಕೆ ಹೆದರಿ ನಾನು ಪರದೆ ಎಳೆದಿದ್ದೆ, ಆ ಮುಖ ನನ್ನೆದುರಿಗೇ ನಿಂತಿತ್ತು.

ಅಷ್ಟರಲ್ಲಿ ಮಗಳು ಕೂಗಿದಳು: “ಅಬ್ಬಾ, ಇಲ್ಲಿ ನೋಡಿ!”

ಪರದೆಯ ಮೇಲ್ಗಡೆ, ಕೊಕ್ಕೆಯ ಪಕ್ಕ, ಬಟ್ಟೆ ಹರಿದು ಸಣ್ಣ ತೂತಾಗಿತ್ತು. ಅದರಿಂದ ಒಳಬಂದ ಬೆಳಕು ಹಾಸಿಗೆಯ ಮೇಲೆ ಬಿದ್ದಿತ್ತು. ಎರಡು ಬೆರಳಿನಗಲದ ಬಾಗಿದ ಚಂದ್ರ. ಕೋಣೆ ಕತ್ತಲಾಗಿದ್ದರಿಂದ ಬಲು ಸ್ಪಷ್ಟ. ಕತ್ತಲ ಕೋಣೆಗೆ ಒಂದು ತೂತು ಮಾಡಿ ಗ್ರಹಣದ ಆಕಾರ ನೋಡುವ ಬಗ್ಗೆ ಸಾವಿರ ವರ್ಷದ ಹಿಂದೆ ಇಬ್ನುಲ್ ಹೈಸಮ್ ಒಂದು ಪ್ರಬಂಧವನ್ನೇ ಬರೆದಿದ್ದಾನೆ. ಅದನ್ನು ಪಾಠ ಮಾಡುತ್ತಿದ್ದ ನಾನೇ ಕೋಣೆಯನ್ನು ಸಿದ್ಧ ಮಾಡಿಕೊಟ್ಟಿದ್ದೆ! ಮಗಳು ಅಂಗೈಯನ್ನು ಅದರ ಕೆಳಗೆ ಹಿಡಿದಳು.

“ನೀವೇ ಅಲ್ವಾ ಮಾಮೂ, ಅಮ್ಮಿಗೆ ಹೀಗೆ ಗೋಡೆ ಮೇಲೆ ತೋರಿಸಿದ್ದು?” ಎಂದ ಅವನು. ಕೊಂಕಿರಲಿಲ್ಲ. ಮತ್ತೆ ತಾರಸಿಗೆ ಹೋದ. ಮಕ್ಕಳು ಕಾಯುತ್ತಿದ್ದರು.

ಅಂದು ಸಂಜೆ ಟಿ.ವಿ.ಯಲ್ಲಿ ಕಲಬುರಗಿಯ ಸುದ್ದಿ ಬಂತು. ಹೊರವಲಯದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಗ್ರಹಣದ ಹೊತ್ತಿನಲ್ಲಿ ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದರು, ಹಾಗೆ ಮಾಡಿದರೆ ಗುಣವಾಗುತ್ತದೆಂದು. ಗ್ರಹಣ ಅಂಗವನ್ನು ಕೆಡಿಸುತ್ತದೆ ಎನ್ನುವುದೂ ನಾವೇ, ಸರಿಪಡಿಸುತ್ತದೆ ಎನ್ನುವುದೂ ನಾವೇ. ಆ ಮಕ್ಕಳು ಅಳುತ್ತಿದ್ದವು. ನನ್ನ ಹೆಂಡತಿ “ಎಂಥಾ ಜನ” ಎಂದಳು. ಬೇರೆ ದಿನವಾಗಿದ್ದರೆ ಅವಳಿಗಿಂತ ಮೊದಲು ನಾನು ಅನ್ನುತ್ತಿದ್ದೆ. ಆ ಪೋಷಕರನ್ನು ನಾನು ಸಮರ್ಥಿಸುತ್ತಿಲ್ಲ, ಅಳುವ ಮಗುವಿನ ಮೇಲೆ ಮಣ್ಣು ಹಾಕುವುದಕ್ಕೂ ಪರದೆ ಎಳೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಆದರೆ ಅವರ ಕೈಯಲ್ಲಿದ್ದ ಗುದ್ದಲಿಯ ಹಿಡಿಕೆ ಹೇಗಿರುತ್ತದೆಂದು ಅಂದು ನನಗೆ ಗೊತ್ತಿತ್ತು. ನರಸಿಂಹಯ್ಯನವರನ್ನು ನೆನೆಸಿಕೊಂಡೆ. ಹೇಳಿದಂತೆ ಬದುಕಿ 2005ರಲ್ಲಿ ಹೋದರು. ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ, ಬೀಗರಿರಲಿಲ್ಲ. ಇದು ಅವರ ಹಿರಿಮೆ ಕಡಿಮೆ ಮಾಡುವ ಮಾತಲ್ಲ. ಹಾಸ್ಟೆಲ್ ಕೋಣೆಗೆ ಪರದೆ ಇತ್ತೋ ಇಲ್ಲವೋ ಎಂದು ಯೋಚನೆ ಬಂತು, ಅಷ್ಟೇ.

2020ರ ಆಗಸ್ಟಿನಲ್ಲಿ, ಕೊರೋನಾ ಕಾಲದಲ್ಲಿ, ಮಗಳಿಗೆ ಹೆರಿಗೆಯಾಯಿತು. ಮಾಸ್ಕ್ ಹಾಕಿಕೊಂಡು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಮಗುವನ್ನು ನೋಡಿದೆ. ಮೊದಲು ನೋಡಿದ್ದು ತುಟಿಯನ್ನು. ಅದು ಹೇಗಿತ್ತು ಎಂದು ಇಲ್ಲಿ ಬರೆಯುವುದಿಲ್ಲ. ಸರಿಯಾಗಿತ್ತು ಎಂದರೆ ಪರದೆ ಎಳೆದದ್ದಕ್ಕೇ ಎನ್ನುವವರಿದ್ದಾರೆ, ಇಲ್ಲವೆಂದರೆ ತೂತಿನಿಂದ ಬೆಳಕು ಬಿತ್ತಲ್ಲ ಎನ್ನುವವರಿದ್ದಾರೆ. ಆ ಕೂಸನ್ನು ಯಾರ ಪರವಾಗಿಯೂ ಸಾಕ್ಷಿಕಟ್ಟೆ ಹತ್ತಿಸಲು ನನಗೆ ಇಷ್ಟವಿಲ್ಲ.

ಓಡಾಟಕ್ಕೆ ಅನುಮತಿ ಸಿಕ್ಕ ಮೇಲೆ, ಅಕ್ಟೋಬರಿನಲ್ಲಿ, ಆಪಾ ಮಗುವನ್ನು ನೋಡಲು ರಾಮನಗರದಿಂದ ಬಂದಳು. ಅವಳೂ ಮೊದಲು ನೋಡಿದ್ದು ತುಟಿಯನ್ನೇ. ಆಮೇಲೆ ನಾವಿಬ್ಬರೇ ಕೋಣೆಯಲ್ಲಿ ಕೂತಿದ್ದಾಗ, ಪರದೆಯ ಕತೆಯನ್ನು ಅವಳಿಗೆ ಹೇಳಿದೆ. ಚಾಕುವಿನದನ್ನೂ ಹೇಳಿದೆ. ಅವಳು ನಗಲಿಲ್ಲ. ನಾವು ಮನೆಯಲ್ಲಿ ಮಾತಾಡುವುದು ದಖನಿಯಲ್ಲಿ, ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನೀನು ಪುಸ್ತಕ ತಗೊಂಡು ನಮ್ಮ ಮನೆಗೆ ಬಂದಿದ್ದೆಯಲ್ಲ, ನೆನಪಿದೆಯಾ?”

“ನೆನಪಿಲ್ಲದೆ?”

“ಅವತ್ತು ರಾತ್ರಿ ಅತ್ತೆ ನನ್ನನ್ನು ಕರೆದು ಕೂರಿಸಿಕೊಂಡರು. ನಿನ್ನ ತಮ್ಮ ಹೇಳೋ ಹಾಗೆ ಎರಡನೇ ತಿಂಗಳಲ್ಲೇ ಆಗಿದ್ದಾದರೆ, ಆಗ ನೀನು ಏನು ತಿಂದಿದ್ದೆ, ಎಲ್ಲಿಗೆ ಹೋಗಿದ್ದೆ, ಯಾರಿಗೂ ಹೇಳದೆ ಏನಾದರೂ ಔಷಧ ಕುಡಿದಿದ್ದೆಯಾ, ನಿಮ್ಮ ಕಡೆ ಯಾರಿಗಾದರೂ ಹೀಗಿತ್ತಾ, ಮುಚ್ಚಿಟ್ಟು ಮದುವೆ ಮಾಡಿದರಾ ಅಂತ ಒಂದೊಂದಾಗಿ ಕೇಳಿದರು. ಇನ್ನೊಂದು ಮದುವೆಯ ಮಾತೂ ಆಗಲೇ ಆ ಮನೆಯಲ್ಲಿ ಶುರುವಾಗಿತ್ತು.”

ನನಗೆ ಏನು ಹೇಳಲೂ ತೋಚಲಿಲ್ಲ.

“ನಾನು ಹೇಳಿದೆ, ಅವನು ಕಾಲೇಜು ಹುಡುಗ, ಅವನಿಗೇನು ಗೊತ್ತು, ಗ್ರಹಣದಿಂದಲೇ ಆದದ್ದು, ಅವನೇ ನನ್ನನ್ನು ಹೊರಗೆ ಎಳೆದುಕೊಂಡು ಹೋದ ಅಂತ. ಆಮೇಲೆ ಅವರು ಸುಮ್ಮನಾದರು.”

“ನೀನು ಅದನ್ನು ನಂಬಿದ್ದೆಯಾ ಆಪಾ?”

“ಇಲ್ಲ. ಬಾಗಿಲ ಹಿಂದಿನಿಂದ ನಾನೂ ಚಿತ್ರ ನೋಡಿದ್ದೆನಲ್ಲ.” ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: “ನಿನ್ನನ್ನು ನಾಲ್ಕು ಜನ ಬೈದರೆ ನಿನಗೇನಾಗುತ್ತಿತ್ತು? ನೀನು ಗಂಡುಹುಡುಗ.”

ನಲವತ್ತು ವರ್ಷ ನಾನು ಹೊತ್ತುಕೊಂಡಿದ್ದೆ ಎಂದು ತಿಳಿದ ಭಾರ, ಅವಳ ತಲೆಯ ಮೇಲೆ ಬೀಳದಿರಲಿ ಎಂದು ಅವಳೇ ನನ್ನ ಕಡೆ ದಾಟಿಸಿದ್ದು. ಅದು ನನಗೆ ಗೊತ್ತಿದ್ದರೆ ಆ ದಿನ ಪುಸ್ತಕ ತೆಗೆದುಕೊಂಡು ಹೋಗುತ್ತಿದ್ದೆನೋ ಇಲ್ಲವೋ ಎಂದು ಕೇಳಿಕೊಂಡೆ. ಹೋಗದೆ ಇರುತ್ತಿರಲಿಲ್ಲವೇನೋ. ಪುಸ್ತಕದಲ್ಲಿದ್ದದ್ದು ನಿಜ. ಬಾಗಿಲ ಹಿಂದೆ ಯಾರು ನಿಂತಿದ್ದಾರೆ ಎಂದು ಒಂದು ಸಲ ತಿರುಗಿ ನೋಡುತ್ತಿದ್ದೆನೋ ಏನೋ.

“ಆ ಗೋಡೆ ಮೇಲಿನ ಚಂದ್ರ ಮಾತ್ರ ಚೆನ್ನಾಗಿತ್ತು ಕಣೋ” ಎಂದಳು ಆಪಾ. ಮಗು ಮುಲುಗಿತು. ಕಿಟಕಿಯ ಬಿಸಿಲು ಅದರ ಮುಖದ ಮೇಲೆ ಬರುತ್ತಿತ್ತು. “ಆ ಪರದೆ ಸ್ವಲ್ಪ ಎಳಿ” ಎಂದಳು. ಎದ್ದು ಹೋಗಿ ಎಳೆದೆ.